ಬೆಂಚಿನಿಂದ ಕಂಬದವರೆಗೆ: ಚಾಲ್ತಿ ಫೀಡರಿನಲ್ಲಿ ಸ್ಮಾರ್ಟ್ ಗ್ರಿಡ್ ಪರೀಕ್ಷೆ

ಕಾರ್ಖಾನೆಯ ಪರೀಕ್ಷೆಯಲ್ಲಿ ಪಾಸಾದ ಸಾಧನ ಕಂಬ ಹತ್ತಿದ ಮೇಲೂ ಪಾಸಾಗುತ್ತದೆಂದು ನಂಬಿ ಕೂರಬೇಡಿ. ವಿತರಣಾ ಜಾಲದಲ್ಲಿ ಹೊಸ ತಂತ್ರಜ್ಞಾನದ ಪ್ರಯೋಗ ಕೆಟ್ಟಾಗ ತಪ್ಪು ಹೊಸ ಸಾಫ್ಟ್‌ವೇರಿನ ಲೆಕ್ಕದಲ್ಲಿ ಸಿಗುವುದು ಅಪರೂಪ. ನಕ್ಷೆಯಲ್ಲಿ ಕ್ಲೋಸ್ (ಕರೆಂಟು ಹರಿಯುವ ಸ್ಥಿತಿ) ಎಂದಿರುವ ಸ್ವಿಚ್ ಕಂಬದ ಮೇಲೆ ಓಪನ್ (ಕಡಿದ ಸ್ಥಿತಿ) ಆಗಿರುತ್ತದೆ, ಕಂಟ್ರೋಲ್ ಬಾಕ್ಸಿನೊಳಗೆ ಬ್ಯಾಟರಿ ಸತ್ತಿರುತ್ತದೆ, ಟರ್ಮಿನಲ್ ಪಟ್ಟಿಯಲ್ಲಿ ಎರಡು ತಂತಿ ಅದಲುಬದಲಾಗಿರುತ್ತವೆ, ಒಂದು ಸಾಧನದ ಗಡಿಯಾರ ಉಳಿದವುಗಳಿಗಿಂತ ಗಂಟೆಗಟ್ಟಲೆ ಹಿಂದಿರುತ್ತದೆ. ಹೀಗಾಗಿ ಪರೀಕ್ಷೆಯ ಅರ್ಧಕ್ಕಿಂತ ಹೆಚ್ಚು ಶ್ರಮ ಹಳೆಯ ಜಾಲಕ್ಕೇ ಹೋಗುತ್ತದೆ. ಹೋಗಲೂಬೇಕು.

ಇಲ್ಲಿ ಮುಖ್ಯವಾಗಿ ಫೀಡರ್ (ಸಬ್‌ಸ್ಟೇಷನ್ನಿನಿಂದ ಊರಿಗೆ ಕರೆಂಟು ಒಯ್ಯುವ ಲೈನ್) ಆಟೊಮೇಷನ್ ಹಿಡಿದುಕೊಂಡಿದ್ದೇವೆ: ದೋಷ ಎಲ್ಲಾಯಿತೆಂದು ಪತ್ತೆಹಚ್ಚಿ, ಆ ಭಾಗವನ್ನು ಬೇರ್ಪಡಿಸಿ, ಉಳಿದವರಿಗೆ ಪಕ್ಕದ ಫೀಡರಿನಿಂದ ಕರೆಂಟು ಕೊಡುವ ವ್ಯವಸ್ಥೆ. ಅದರಲ್ಲಿ ರಿಲೇ (ದೋಷ ಗುರುತಿಸಿ ಟ್ರಿಪ್ ಆದೇಶ ಕೊಡುವ ಸಾಧನ), ಸಂವಹನ, ಸ್ಕಾಡಾ (ಕೇಂದ್ರದಿಂದ ಜಾಲವನ್ನು ನೋಡುವ, ನಿಯಂತ್ರಿಸುವ ವ್ಯವಸ್ಥೆ), ಯಾಂತ್ರಿಕ ಭಾಗ ಎಲ್ಲವೂ ಸೇರುವುದರಿಂದ ಎಡವುವ ಜಾಗಗಳೂ ಎಲ್ಲ ಸಿಗುತ್ತವೆ. ವೋಲ್ಟೇಜ್ ನಿಯಂತ್ರಣ ಮತ್ತು ಸ್ಮಾರ್ಟ್ ಮೀಟರಿನಲ್ಲಿ ಬೇರೆಯಾಗಿ ನೋಡಬೇಕಾದ್ದನ್ನು ಕೊನೆಯ ಕಡೆ ಕೊಟ್ಟಿದೆ.

ಯಾವ ಪ್ರಶ್ನೆಗೆ ಉತ್ತರ ಬೇಕು?

"ಹಾಕಿ ನೋಡೋಣ" ಎಂದರೆ ಪರೀಕ್ಷೆಯಾಗುವುದಿಲ್ಲ. ಅಂಕಿಯಲ್ಲಿ ಬರೆಯಿರಿ. ಉದಾಹರಣೆಗೆ: ಶಾಶ್ವತ ದೋಷವಾದರೆ ದೋಷವಿಲ್ಲದ ಭಾಗಗಳಿಗೆ 60 ಸೆಕೆಂಡಿನೊಳಗೆ ವಿದ್ಯುತ್ ಮರಳಬೇಕು; ಲೋಡ್ ಹೊತ್ತುಕೊಂಡ ಫೀಡರ್ ತನ್ನ ಮಿತಿಯ ಶೇ 90 ದಾಟಬಾರದು; ದೋಷವಿರುವ ಭಾಗವನ್ನು ಒಮ್ಮೆಯೂ ಚಾರ್ಜ್ ಮಾಡಬಾರದು (ಅದಕ್ಕೆ ಕರೆಂಟು ಕೊಡಬಾರದು). ಮೊದಲ ಎರಡರಲ್ಲಿ ತುಸು ಸಡಿಲಿಕೆ ಇರಬಹುದು, ಮೂರನೆಯದರಲ್ಲಿ ಇಲ್ಲ. ಅದು ಒಮ್ಮೆ ತಪ್ಪಿದರೂ ಪ್ರಯೋಗ ಅಲ್ಲಿಗೇ ನಿಲ್ಲಬೇಕು. ನಿಲ್ಲಿಸುವ ಅಧಿಕಾರ ಪಾಳಿಯಲ್ಲಿರುವ ಆಪರೇಟರಿಗೇ ಇರಲಿ. ಯಾರಿಗೋ ಫೋನು ಮಾಡಿ ಕೇಳುವ ಹಾಗಿರಬಾರದು.

ಫೀಡರ್ ಆರಿಸುವಾಗ ಅತ್ಯುತ್ತಮವೂ ಬೇಡ, ಅತಿ ಹದಗೆಟ್ಟದ್ದೂ ಬೇಡ. ಮೂರು ನಾಲ್ಕು ಭಾಗ ಮಾಡಲು ಬರುವಂತಿರಬೇಕು, ಕನಿಷ್ಠ ಒಂದು ಟೈ (ಪಕ್ಕದ ಫೀಡರಿಗೆ ಜೋಡಿಸುವ ಸ್ವಿಚ್) ಬೇರೆ ಟ್ರಾನ್ಸ್‌ಫಾರ್ಮರಿನಿಂದ, ಸಾಧ್ಯವಾದರೆ ಬೇರೆ ಸಬ್‌ಸ್ಟೇಷನ್ನಿನಿಂದ ಬಂದಿರಬೇಕು. ದೋಷಗಳ ಸಂಖ್ಯೆಯನ್ನೂ ನೋಡಿ. ವರ್ಷಕ್ಕೆ ನಾಲ್ಕು ಶಾಶ್ವತ ದೋಷ ಆಗುವ ಫೀಡರಿನಲ್ಲಿ ಆರು ತಿಂಗಳ ಪ್ರಯೋಗಕ್ಕೆ ಸರಾಸರಿ ಎರಡು ಘಟನೆ ಸಿಗುತ್ತವೆ. ಎರಡರಿಂದ ಏನೂ ಸಿದ್ಧವಾಗುವುದಿಲ್ಲ. ಹೆಚ್ಚಿನ ಪುರಾವೆ ಬೆಂಚಿನಿಂದ (ಪರೀಕ್ಷಾಲಯದ ಮೇಜಿನಿಂದ) ಮತ್ತು ಕೃತಕ ಘಟನೆಗಳಿಂದಲೇ ಬರಬೇಕು.

ಹಳೆಯ ಲೆಕ್ಕ, ಹೊಸ ಲೆಕ್ಕ

ಹೋಲಿಕೆಗೆ ಕನಿಷ್ಠ 12 ತಿಂಗಳ ದಾಖಲೆ ಬೇಕು, ಮಳೆ ಬೇಸಿಗೆ ಎರಡೂ ಬರಬೇಕಲ್ಲ. ಆದರೆ ಒಂದು ಗುಂಡಿ ಇದೆ. ಮೊದಲಿನ ಅಡಚಣೆಗಳನ್ನು ಲಾಗ್ ಪುಸ್ತಕದಲ್ಲಿ ಕೈಯಲ್ಲಿ ಬರೆದಿರುತ್ತಾರೆ. ಹೊಸದನ್ನು ಯಂತ್ರ ಮಿಲಿಸೆಕೆಂಡ್ ಸಮೇತ ಹಿಡಿಯುತ್ತದೆ. ಮೊದಲು ಯಾರ ಕಣ್ಣಿಗೂ ಬೀಳದೆ ಹೋಗುತ್ತಿದ್ದ ಚಿಕ್ಕ ಟ್ರಿಪ್‌ಗಳೆಲ್ಲ ಈಗ ಎಣಿಕೆಗೆ ಬರುತ್ತವೆ. ಸಾಧನ ಹಾಕಿದ ಮೇಲೆ ಸೇವೆ ಕೆಟ್ಟಿತು ಎಂದು ಕಾಗದದಲ್ಲಿ ಕಾಣುತ್ತದೆ, ಕಂಬದಲ್ಲಿ ಹಾಗೇನೂ ಆಗಿರುವುದಿಲ್ಲ. ಮದ್ದು ಸುಲಭ: ಅಳತೆಯ ಉಪಕರಣಗಳನ್ನು ಮೊದಲು ಹಾಕಿ, ಆಟೊಮೇಷನ್ ಬಂದ್ ಇಟ್ಟು ಕೆಲವು ತಿಂಗಳು ಓಡಿಸಿ, ಆ ಅವಧಿಯನ್ನೂ ಹೋಲಿಕೆಗೆ ಇಟ್ಟುಕೊಳ್ಳಿ. ಅದೇ ತರಹದ ಇನ್ನೊಂದು ಫೀಡರಿಗೆ ಕೈಹಾಕದೆ ಜೊತೆಗೆ ಅಳೆಯುತ್ತಾ ಹೋಗಿ.

ಉಲ್ಟಾ ಮೋಸವೂ ಉಂಟು. ಐಇಇಇ 1366 ಮಾನದಂಡದ ಪ್ರಕಾರ 5 ನಿಮಿಷ ಮೀರಿದ ಅಡಚಣೆ ಮಾತ್ರ ದೀರ್ಘ ಅಡಚಣೆ. ಸೈಡಿ (ಒಬ್ಬ ಗ್ರಾಹಕರಿಗೆ ಸರಾಸರಿ ಎಷ್ಟು ಹೊತ್ತು ಕರೆಂಟು ಇರಲಿಲ್ಲ), ಸೈಫಿ (ಸರಾಸರಿ ಎಷ್ಟು ಸಲ ಹೋಯಿತು) ಎರಡೂ ಅದರ ಮೇಲೆ ನಿಂತಿವೆ. ಎರಡು ನಿಮಿಷದಲ್ಲಿ ಕರೆಂಟು ಮರಳಿಸಿದರೆ ಆ ಗ್ರಾಹಕರು ಸೈಫಿಯಿಂದಲೇ ಮಾಯ. ಕ್ಷಣಿಕ ಅಡಚಣೆಯ ಸೂಚ್ಯಂಕ ಮೈಫಿಯನ್ನೂ ಪಕ್ಕದಲ್ಲಿಟ್ಟು ತೋರಿಸದಿದ್ದರೆ ಲೆಕ್ಕ ಪೂರ್ತಿಯಲ್ಲ.

ನಕ್ಷೆ ಹಿಡಿದು ಲೈನಿನ ಉದ್ದಕ್ಕೂ ನಡೆಯಿರಿ

ಪ್ರತಿ ಸ್ವಿಚ್ಚಿನ ಸಂಖ್ಯೆ, ಸ್ಥಿತಿ, ಯಾವ ಕಡೆ ಮೂಲ, ಲೈನುಗಳನ್ನು ಜೋಡಿಸುವ ತುಂಡು ತಂತಿಗಳಾದ ಜಂಪರ್‌ಗಳು ಎಲ್ಲಿ ಬಿಚ್ಚಿವೆ ಎಂಬುದನ್ನು ಲೈನ್‌ಮನ್ ಜೊತೆ ಹೋಗಿ ಕಣ್ಣಾರೆ ನೋಡಿ ಗುರುತು ಹಾಕಿ. ವರ್ಷಗಳ ಹಿಂದೆ ತಾತ್ಕಾಲಿಕವಾಗಿ ಹಾಕಿದ ಜಂಪರ್ ಈಗಲೂ ಹಾಗೇ ಇರುತ್ತದೆ. ಅದು ಗೊತ್ತಿರುವುದು ಲೈನ್‌ಮನ್‌ಗೆ ಮಾತ್ರ. ಸಾಫ್ಟ್‌ವೇರ್ ನಂಬುವುದು ನಕ್ಷೆಯನ್ನು. ನಕ್ಷೆ ಸುಳ್ಳಾದರೆ ಅದು ಸರಿಯಾದ ಲೆಕ್ಕ ಹಾಕಿ ತಪ್ಪು ಸ್ವಿಚ್ ಓಪನ್ ಮಾಡುತ್ತದೆ.

ಟೈ ಪಾಯಿಂಟಿನಲ್ಲಿ ಫೇಸ್ ಹೊಂದಿಕೆ ನೋಡದೆ ಮುಂದೆ ಹೋಗಬೇಡಿ. ಆ ವೋಲ್ಟೇಜಿಗೆ ತಕ್ಕ ಫೇಸಿಂಗ್ ಸ್ಟಿಕ್ (ಎರಡು ತಂತಿಗಳ ನಡುವಿನ ವೋಲ್ಟೇಜ್ ತೋರಿಸುವ ಕಡ್ಡಿ) ಹಿಡಿದು, ಓಪನ್ ಇರುವ ಸ್ವಿಚ್ಚಿನ ಎರಡೂ ಬದಿಗಳ ನಡುವೆ ಒಂಬತ್ತೂ ಜೋಡಿಗಳನ್ನು ಅಳೆಯಿರಿ. 11 ಕೆವಿ ಜಾಲದಲ್ಲಿ ಅದೇ ಫೇಸಿನ ನಡುವೆ ಸೊನ್ನೆಯ ಹತ್ತಿರ, ಬೇರೆ ಫೇಸಿನ ನಡುವೆ 11 ಕೆವಿ ಹತ್ತಿರ ಬರಬೇಕು. ಅದೇ ಫೇಸಿನ ನಡುವೆ ಸುಮಾರು 3.3 ಕೆವಿ ತೋರಿಸಿದರೆ ಕಡ್ಡಿಯನ್ನು ಅನುಮಾನಿಸಬೇಡಿ. ಎರಡು ಮೂಲಗಳ ನಡುವೆ 30 ಡಿಗ್ರಿ ವ್ಯತ್ಯಾಸವಿದೆ. ಒಂದು ಕಡೆಯ ಟ್ರಾನ್ಸ್‌ಫಾರ್ಮರ್ ಡೆಲ್ಟಾ-ಸ್ಟಾರ್ (ಸುರುಳಿ ಜೋಡಣೆಯ ಒಂದು ಬಗೆ), ಇನ್ನೊಂದು ಕಡೆಯದು ಸ್ಟಾರ್-ಸ್ಟಾರ್ ಆಗಿದ್ದರೆ ಹೀಗಾಗುತ್ತದೆ. ಅಂಥ ಟೈಯನ್ನು ಎರಡೂ ಬದಿ ಚಾರ್ಜ್ ಇದ್ದಾಗ ಎಂದಿಗೂ ಕ್ಲೋಸ್ ಮಾಡುವಂತಿಲ್ಲ. ಮೊದಲು ಓಪನ್, ಆಮೇಲೆ ಕ್ಲೋಸ್ ಎಂಬ ಕ್ರಮ ಮಾತ್ರ. ಅದನ್ನು ಸಾಫ್ಟ್‌ವೇರಿನ ನಿಯಮದಲ್ಲೂ ಸ್ಥಳೀಯ ರಿಲೇಯ ಇಂಟರ್‌ಲಾಕ್‌ನಲ್ಲೂ ಎರಡು ಕಡೆ ಹಾಕಿ.

ಬೆಂಚಿನ ಮೇಲೆ

ಕಂಬಕ್ಕೆ ಹೋಗುವ ಅದೇ ರಿಕ್ಲೋಸರ್ (ದೋಷಕ್ಕೆ ಟ್ರಿಪ್ ಆಗಿ ತಾನೇ ಮತ್ತೆ ಕ್ಲೋಸ್ ಆಗಿ ನೋಡುವ ಸ್ವಿಚ್) ಕಂಟ್ರೋಲರ್, ಅದೇ ಫರ್ಮ್‌ವೇರ್ ಆವೃತ್ತಿ, ಅದೇ ಮೋಡೆಮ್, ಅದೇ ಸೆಟ್ಟಿಂಗ್ ಫೈಲು ಬೆಂಚಿನ ಮೇಲೂ ಇರಬೇಕು. ಸೆಕೆಂಡರಿ ಇಂಜೆಕ್ಷನ್ ಕಿಟ್ಟಿನಿಂದ ಕರೆಂಟು, ವೋಲ್ಟೇಜು ಕೊಟ್ಟು ಪಿಕಪ್ (ರಿಲೇ ಎಚ್ಚರಗೊಳ್ಳುವ ಕರೆಂಟಿನ ಮಟ್ಟ), ಟ್ರಿಪ್ ಸಮಯ, ರಿಕ್ಲೋಸ್ ಸರದಿ, ಲಾಕ್‌ಔಟ್ (ಮತ್ತೆ ಕ್ಲೋಸ್ ಆಗದೆ ಓಪನ್ ಆಗಿಯೇ ನಿಲ್ಲುವುದು) ಎಲ್ಲ ನೋಡಿ. ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಸೆಕೆಂಡರಿ 1 ಆಂಪಿಯರೋ 5 ಆಂಪಿಯರೋ ಎಂಬುದನ್ನು ಸೆಟ್ಟಿಂಗಿಗೆ ತಾಳೆ ಹಾಕಿ. ಇಲ್ಲಿ ಎಡವಿದರೆ ಪ್ರತಿ ಅಳತೆಯೂ ಐದು ಪಟ್ಟು ತಪ್ಪು.

ನಂತರ ಪಾಯಿಂಟ್ ಪಟ್ಟಿ. ಪ್ರತಿಯೊಂದು ಸಿಗ್ನಲನ್ನೂ ಟರ್ಮಿನಲ್ಲಿನಿಂದ ಹಿಡಿದು ಆರ್‌ಟಿಯು (ಸಾಧನದ ಸುದ್ದಿಯನ್ನು ಕೇಂದ್ರಕ್ಕೆ ಕಳಿಸುವ ಪೆಟ್ಟಿಗೆ), ಸ್ಕಾಡಾ ಪರದೆ, ಅಲಾರಂ ಪಟ್ಟಿಯ ತನಕ ಒಂದೊಂದಾಗಿ ಹಿಂಬಾಲಿಸಿ. ಬೇಸರದ ಕೆಲಸ, ಆದರೆ ಅತಿ ಹೆಚ್ಚು ತಪ್ಪು ಸಿಗುವುದು ಇಲ್ಲೇ. ಐಇಸಿ 60870-5-104 ಎಂಬ ಸಂವಹನ ಪ್ರೋಟೋಕಾಲಿನಲ್ಲಿ ಬ್ರೇಕರ್ ಸ್ಥಿತಿ ಎರಡು ಬಿಟ್‌ಗಳಲ್ಲಿ ಬರುತ್ತದೆ: 1 ಎಂದರೆ ಓಪನ್, 2 ಎಂದರೆ ಕ್ಲೋಸ್, 0 ಮತ್ತು 3 ಎರಡೂ ಅನಿಶ್ಚಿತ. ಸಹಾಯಕ ಕಾಂಟ್ಯಾಕ್ಟಿನ ತಂತಿ ಸಡಿಲವಾದರೆ 0 ಬರುತ್ತದೆ. ಕೆಲವು ಸಾಫ್ಟ್‌ವೇರ್ ಅದನ್ನು ಸುಮ್ಮನೆ ಓಪನ್ ಎಂದೇ ತೋರಿಸುತ್ತವೆ. ಬೆಂಚಿನಲ್ಲಿ ಆ ತಂತಿಯನ್ನು ಬೇಕೆಂದೇ ಬಿಚ್ಚಿ. ವ್ಯವಸ್ಥೆ "ಗೊತ್ತಿಲ್ಲ" ಎಂದು ಹೇಳಿ ಆ ಫೀಡರಿನಲ್ಲಿ ಆಟೊಮೇಷನ್ ತಡೆಹಿಡಿಯಬೇಕು.

ಸಂವಹನ ಕಡಿದುಹೋದಾಗ ಏನಾಗುತ್ತದೆ ಎಂಬ ಪರೀಕ್ಷೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಹೀಗೆ ಮಾಡಿ: ಮೋಡೆಮ್ಮಿನ ಆಂಟೆನಾ ಕಳಚಿ. ರಿಲೇಗೆ ದೋಷದ ಕರೆಂಟು ಕೊಟ್ಟು ಟ್ರಿಪ್ ಮಾಡಿಸಿ. ಕೈಯಿಂದ ಕ್ಲೋಸ್ ಮಾಡಿ ಮಾಮೂಲಿ ಸ್ಥಿತಿಗೆ ತನ್ನಿ. ಹತ್ತು ನಿಮಿಷ ಕಾದು ಆಂಟೆನಾ ಮತ್ತೆ ಹಾಕಿ. ಈಗ ಬಫರಿನಲ್ಲಿ ಕೂತಿದ್ದ "ದೋಷ ಕಂಡಿದೆ" ಎಂಬ ಹಳೆಯ ಸುದ್ದಿ ಧಬಕ್ಕನೆ ಬರುತ್ತದೆ. ಅದರ ಮೇಲೆ ಹತ್ತು ನಿಮಿಷ ಹಿಂದಿನ ಸಮಯದ ಮುದ್ರೆ ಇರುತ್ತದೆ. ಸಾಫ್ಟ್‌ವೇರ್ ಆ ಮುದ್ರೆ ನೋಡುತ್ತದೆಯೋ, ಬಂದ ಕ್ಷಣವನ್ನೇ ಘಟನೆಯ ಕ್ಷಣವೆಂದು ತಿಳಿದು ಚೆನ್ನಾಗಿರುವ ಲೈನನ್ನು ಬೇರ್ಪಡಿಸಲು ಹೊರಡುತ್ತದೆಯೋ ಎಂಬುದು ಇಲ್ಲೇ ಗೊತ್ತಾಗಬೇಕು. ಸಂಪರ್ಕ ಮರಳಿದಾಗ ಕೇಂದ್ರವು ಎಲ್ಲ ಪಾಯಿಂಟ್‌ಗಳ ಸ್ಥಿತಿಯನ್ನು ಮತ್ತೆ ಕೇಳುತ್ತದೆ, ಆ ಉತ್ತರಗಳಿಗೆ ಸಾಮಾನ್ಯವಾಗಿ ಸಮಯದ ಮುದ್ರೆಯೇ ಇರುವುದಿಲ್ಲ. ಅವುಗಳಿಂದ ಆಟೊಮೇಷನ್ ಕೆದಕಿಕೊಳ್ಳಬಾರದು.

ಮೇಲೆ ಹೇಳಿದ 104 ಪ್ರೋಟೋಕಾಲಿನ ಟೈಮರ್‌ಗಳಿಗೂ ಕಣ್ಣು ಹಾಯಿಸಿ. ಮಾಮೂಲಿ ಮೌಲ್ಯ ಟಿ1 ಗೆ (ಕಳಿಸಿದ್ದಕ್ಕೆ ಸ್ವೀಕೃತಿ ಕಾಯುವ ಸಮಯ) 15 ಸೆಕೆಂಡ್, ಟಿ2 ಗೆ (ಸ್ವೀಕೃತಿ ಕಳಿಸಲು ಇರುವ ಸಮಯ) 10, ಟಿ3 ಗೆ (ಮೌನವಿದ್ದರೆ ಸಂಪರ್ಕ ಪರೀಕ್ಷಿಸುವ ಸಮಯ) 20. ಟಿ2 ಯಾವಾಗಲೂ ಟಿ1 ಗಿಂತ ಕಡಿಮೆ ಇರಬೇಕು. ಎರಡು ತುದಿಗಳಲ್ಲಿ ಬೇರೆ ಬೇರೆ ಮೌಲ್ಯ ಹಾಕಿದರೆ ಸಂಪರ್ಕ ಸುಮ್ಮಸುಮ್ಮನೆ ಕಡಿದು ಜೋಡಿಸಿಕೊಳ್ಳುತ್ತಿರುತ್ತದೆ, ಬೈಗುಳ ಮಾತ್ರ ಮೊಬೈಲ್ ನೆಟ್‌ವರ್ಕಿಗೆ.

ಗಡಿಯಾರದ ವಿಷಯದಲ್ಲಿ ಒಂದೇ ನಿಯಮ: ಎಲ್ಲ ಸಾಧನವೂ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಸಮಯ) ಇರಲಿ, ಸ್ಥಳೀಯ ಸಮಯ ಪರದೆಯಲ್ಲಿ ಮಾತ್ರ. ಒಂದು ರಿಲೇ ಸ್ಥಳೀಯ ಸಮಯ ಕಳಿಸಿ ಇನ್ನೊಂದು ಯುಟಿಸಿ ಕಳಿಸಿದರೆ ಘಟನೆಗಳ ಅನುಕ್ರಮ ಹಾಳು. ಸಿಂಕ್ರೊಫೇಸರ್ (ಒಂದೇ ಗಡಿಯಾರಕ್ಕೆ ಹೊಂದಿಸಿದ ವೋಲ್ಟೇಜು, ಕರೆಂಟಿನ ಕೋನ) ಅಳೆಯುವುದಾದರೆ ಇನ್ನೂ ಬಿಗಿ ಬೇಕು: 50 ಹರ್ಟ್ಜ್‌ನಲ್ಲಿ ಒಂದು ಡಿಗ್ರಿ ಎಂದರೆ ಸುಮಾರು 55.6 ಮೈಕ್ರೊಸೆಕೆಂಡ್ ಅಷ್ಟೇ.

ಸಬ್‌ಸ್ಟೇಷನ್ನಿನೊಳಗೆ ಐಇಸಿ 61850 (ಸಬ್‌ಸ್ಟೇಷನ್ ಸಾಧನಗಳ ಸಂವಹನ ಮಾನದಂಡ) ಇದ್ದರೆ ಸಾಧನದೊಳಗಿನ ಒಂದೊಂದು ಕೆಲಸದ ಘಟಕವಾದ ಲಾಜಿಕಲ್ ನೋಡ್‌ಗೆ ಐದು ಸ್ಥಿತಿಗಳಿವೆ: ಆನ್, ಬ್ಲಾಕ್ಡ್, ಟೆಸ್ಟ್, ಟೆಸ್ಟ್-ಬ್ಲಾಕ್ಡ್, ಆಫ್. ಟೆಸ್ಟ್-ಬ್ಲಾಕ್ಡ್‌ನಲ್ಲಿ ರಿಲೇ ಲೆಕ್ಕವೆಲ್ಲ ಹಾಕುತ್ತದೆ, ಔಟ್‌ಪುಟ್ ಕಾಂಟ್ಯಾಕ್ಟ್ ಮಾತ್ರ ಕೆಲಸ ಮಾಡುವುದಿಲ್ಲ. ಅನುಕೂಲವೇನೋ ಹೌದು. ಆದರೂ ಪಕ್ಕದ ಬೇ (ಸಬ್‌ಸ್ಟೇಷನ್ನಿನಲ್ಲಿ ಒಂದು ಲೈನಿನ ಬ್ರೇಕರ್ ಇರುವ ಅಂಕಣ) ಚಾರ್ಜ್ ಇರುವಾಗ ಇದನ್ನೊಂದೇ ನಂಬಿ ಕೆಲಸ ಮಾಡಬಾರದು. ಟ್ರಿಪ್ ಲಿಂಕ್ (ಬ್ರೇಕರಿಗೆ ಟ್ರಿಪ್ ಆದೇಶ ಒಯ್ಯುವ ಕೊಂಡಿ) ಕೂಡ ಬಿಚ್ಚಿಡಿ.

ದೋಷಗಳನ್ನು ಸಿಮ್ಯುಲೇಟರಿನಲ್ಲಿ ಮಾಡಿ

ರಿಯಲ್ ಟೈಮ್ ಸಿಮ್ಯುಲೇಟರ್ (ಜಾಲದ ವರ್ತನೆಯನ್ನು ನಿಜವಾದ ವೇಗದಲ್ಲೇ ಅನುಕರಿಸುವ ಕಂಪ್ಯೂಟರ್) ಸಿಕ್ಕರೆ ನಿಮ್ಮ ಫೀಡರಿನ ಮಾದರಿ ಹಾಕಿ, ಸುಮಾರು 50 ಮೈಕ್ರೊಸೆಕೆಂಡ್ ಹೆಜ್ಜೆಯಲ್ಲಿ ಓಡಿಸಿ, ನಿಜವಾದ ಕಂಟ್ರೋಲರುಗಳನ್ನು ಅದಕ್ಕೆ ಜೋಡಿಸಿ. ಪ್ರತಿ ಭಾಗದಲ್ಲೂ, ಪ್ರತಿ ಫೇಸಿನಲ್ಲೂ, ಬೇರೆ ಬೇರೆ ದೋಷ ಪ್ರತಿರೋಧದಲ್ಲಿ ಓಡಿಸಬಹುದು. ಸಿಗದಿದ್ದರೆ ಎರಡು ಮೂರು ಇಂಜೆಕ್ಷನ್ ಕಿಟ್‌ಗಳನ್ನು ಜಿಪಿಎಸ್ ಸಮಯಕ್ಕೆ ಹೊಂದಿಸಿ ಏಕಕಾಲಕ್ಕೆ ಕರೆಂಟು ಕೊಟ್ಟರೂ ಮುಖ್ಯ ಸನ್ನಿವೇಶಗಳು ಮುಗಿಯುತ್ತವೆ.

ಮಾಮೂಲಿ ಶಾರ್ಟ್ ಸರ್ಕ್ಯೂಟ್ ಎಲ್ಲರೂ ಪಾಸು ಮಾಡುತ್ತಾರೆ. ಕಷ್ಟದವನ್ನು ಹಾಕಿ. ತಂತಿ ಕಡಿದು ಒಣ ನೆಲಕ್ಕೆ ಬಿದ್ದಾಗ ಕರೆಂಟು ಪಿಕಪ್‌ಗಿಂತ ಕಡಿಮೆ ಇರಬಹುದು. ದೋಷ ಸೂಚಕ ಸುಮ್ಮನಿರುತ್ತದೆ. ಕೆಳಭಾಗದಲ್ಲಿ ಸೌರ ಅಥವಾ ಬೇರೆ ಉತ್ಪಾದನೆ ಇದ್ದರೆ ದೋಷಕ್ಕೆ ಆ ಕಡೆಯಿಂದಲೂ ಕರೆಂಟು ಹರಿಯುತ್ತದೆ. ದಿಕ್ಕು ಗುರುತಿಸದ ಸೂಚಕ ದೋಷದ ಆಚೆ ಇದ್ದರೂ ಮಿನುಗುತ್ತದೆ, ವ್ಯವಸ್ಥೆ ಒಂದು ಭಾಗ ಮುಂದೆ ಹೋಗಿ ಹುಡುಕುತ್ತದೆ. ಉದ್ದದ ಭೂಗತ ಕೇಬಲ್ ಇರುವ ಕಡೆ ಅರ್ತ್ ಫಾಲ್ಟ್ ಆದರೆ ದೋಷವಿಲ್ಲದ ಫೀಡರಿನ ಕೆಪಾಸಿಟಿವ್ ಕರೆಂಟು ಕೂಡ ಸೂಚಕವನ್ನು ಎಬ್ಬಿಸಬಲ್ಲದು.

ಇನ್ನೊಂದು, ಬಹಳ ಹೊತ್ತು ಹೋಗಿದ್ದ ಕರೆಂಟು ಮರಳಿದಾಗ ಏರುವ ಲೋಡ್. ದೋಷಕ್ಕೆ ಮುಂಚಿನ ಲೋಡ್ 120 ಆಂಪಿಯರ್ ಇತ್ತು, ಪಕ್ಕದ ಫೀಡರಿನಲ್ಲಿ 150 ಖಾಲಿ ಇದೆ ಎಂದು ಸಾಫ್ಟ್‌ವೇರ್ ಒಪ್ಪಿಬಿಡುತ್ತದೆ. ಆದರೆ ಕರೆಂಟು ಬಹಳ ಹೊತ್ತು ಹೋಗಿದ್ದರೆ ಫ್ರಿಜ್ಜು, ಹೀಟರು, ಪಂಪು, ಎಸಿ ಎಲ್ಲ ಒಟ್ಟಿಗೇ ಎಳೆಯುತ್ತವೆ. ಆ 120 ಎರಡು ಪಟ್ಟೂ ಆಗಬಹುದು. ಆಗ ಚೆನ್ನಾಗಿದ್ದ ಪಕ್ಕದ ಫೀಡರೂ ಟ್ರಿಪ್. ಕತ್ತಲಾಗಿ ಎಷ್ಟು ಹೊತ್ತಾಯಿತು ಎಂಬುದರ ಮೇಲೆ ಲೋಡಿಗೆ ಗುಣಕ ಹಾಕುವ ಸೌಲಭ್ಯ ಇದೆಯೇ, ಅದು ಕೆಲಸ ಮಾಡುತ್ತದೆಯೇ ನೋಡಿ.

ಕಂಬದ ಮೇಲಿನ ಬಾಕ್ಸು

ಬ್ಯಾಟರಿಯ ಪರೀಕ್ಷೆಯನ್ನು ಪೂರ್ತಿ ಮಾಡಿ. ಎರಡು 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಸರಣಿಯಲ್ಲಿದ್ದರೆ, ಪೂರ್ತಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವಾಗ ಸುಮಾರು 25.4 ವೋಲ್ಟ್ ಇರುತ್ತದೆ. ಸಹಾಯಕ ಟ್ರಾನ್ಸ್‌ಫಾರ್ಮರಿನ ಎಸಿ ಸರಬರಾಜು ತೆಗೆಯಿರಿ, ಮೋಡೆಮ್ ಚಾಲೂ ಬಿಡಿ, ಒಪ್ಪಂದದಲ್ಲಿರುವಷ್ಟು ಗಂಟೆ ಕಾದು ಆಮೇಲೆ ಓಪನ್, ಕ್ಲೋಸ್, ಓಪನ್ ಮಾಡಿಸಿ. ಲೈನ್ ಕ್ಲಿಯರ್ (ಲೈನ್ ಬಂದ್ ಮಾಡಿ ಕೆಲಸಕ್ಕೆ ಕೊಡುವ ಅನುಮತಿ) ತೆಗೆದುಕೊಂಡು ಅಥವಾ ಬೈಪಾಸ್ ಹಾಕಿಯೇ ಇದನ್ನು ಮಾಡಬೇಕು. ಮೀಟರಿನ ಕಡ್ಡಿಗಳು ಬ್ಯಾಟರಿ ಟರ್ಮಿನಲ್ ಮೇಲೇ ಇರಲಿ, ಕನಿಷ್ಠ ಮೌಲ್ಯ ಹಿಡಿಯುವ ಗುಂಡಿ ಒತ್ತಿರಿ. ಮೋಟಾರು ಎಳೆದ ಕ್ಷಣ ವೋಲ್ಟೇಜ್ 21ಕ್ಕಿಂತ ಕೆಳಗಿಳಿದರೆ ಆ ಬ್ಯಾಟರಿ ಬದಲಿಸಿ. ಸ್ವಿಚ್ ಕ್ಲೋಸ್ ಆಗಿಬಿಡಬಹುದು, ಆದರೆ ಆ ಕುಸಿತಕ್ಕೆ ಮೋಡೆಮ್ ರೀಸ್ಟಾರ್ಟ್ ಆಗುತ್ತದೆ. ಮತ್ತೆ ನೆಟ್‌ವರ್ಕ್ ಹಿಡಿಯಲು ಒಂದು ಒಂದೂವರೆ ನಿಮಿಷ. ಅಷ್ಟರಲ್ಲಿ "ಕ್ಲೋಸ್ ಆಯಿತು" ಎಂಬ ಉತ್ತರ ಬಾರದೆ ಕೇಂದ್ರದ ಸಾಫ್ಟ್‌ವೇರ್ ಆದೇಶ ವಿಫಲವೆಂದು ಎರಡನೇ ಯೋಜನೆಗೆ ಹೋಗುತ್ತದೆ, ಇನ್ನೊಂದು ಟೈ ಕ್ಲೋಸ್ ಮಾಡುತ್ತದೆ. ಎರಡು ಸಬ್‌ಸ್ಟೇಷನ್ ಕೂಡಿಕೊಂಡವು. ಸುತ್ತಿ ಬಂದು ನೋಡಿದರೆ ತಪ್ಪು ಒಂದು ಬ್ಯಾಟರಿಯದ್ದು.

ಚಾರ್ಜರಿಗೆ ಸರಬರಾಜು ಯಾವ ಬದಿಯಿಂದ ಬಂದಿದೆ ಎಂಬುದನ್ನೂ ನೋಡಿ. ಟೈ ರಿಕ್ಲೋಸರಿಗೆ ಒಂದೇ ಬದಿಯ ಸಹಾಯಕ ಟ್ರಾನ್ಸ್‌ಫಾರ್ಮರ್ ಇದ್ದು ಆ ಬದಿಯೇ ಕತ್ತಲಾದರೆ, ಕೆಲಸಕ್ಕೆ ಕರೆಯುವ ಹೊತ್ತಿಗೇ ಅದು ಬ್ಯಾಟರಿಯ ಮೇಲಿರುತ್ತದೆ. ಮ್ಯಾಗ್ನೆಟಿಕ್ ಆಕ್ಚುಯೇಟರ್ (ಕಾಂತದಿಂದ ಸ್ವಿಚ್ ಆಡಿಸುವ ಭಾಗ) ಇದ್ದರೆ ಒಮ್ಮೆ ಕೆಲಸ ಮಾಡಿದ ಮೇಲೆ ಕೆಪಾಸಿಟರ್ ಮತ್ತೆ ತುಂಬಲು ಸಮಯ ಬೇಕು. ಅದಕ್ಕೆ ಮುಂಚೆ ಬಂದ ಆದೇಶ ವ್ಯರ್ಥ.

ಜೀವಕ್ಕೆ ಸಂಬಂಧಿಸಿದ ಎರಡು ಪರೀಕ್ಷೆಗಳನ್ನು ಪ್ರತಿ ಬಾಕ್ಸಿನಲ್ಲೂ ಮಾಡಿ, ಮಾದರಿಗೆ ನಾಲ್ಕು ಆರಿಸಿಕೊಳ್ಳುವುದು ಬೇಡ. ಲೋಕಲ್-ರಿಮೋಟ್ ಸ್ವಿಚ್ ಲೋಕಲ್‌ನಲ್ಲಿಟ್ಟು ಕೇಂದ್ರದಿಂದ ಕ್ಲೋಸ್ ಕೊಡಿ, ನಿರಾಕರಿಸಬೇಕು. ಹಾಟ್ ಲೈನ್ ಟ್ಯಾಗ್ (ಲೈನಿನಲ್ಲಿ ಜನ ಕೆಲಸ ಮಾಡುತ್ತಿರುವಾಗ ಹಾಕುವ ತಡೆ) ಹಾಕಿ ಕೇಂದ್ರದಿಂದಲೂ ಆಟೊಮೇಷನ್ನಿನಿಂದಲೂ ಪ್ಯಾನೆಲ್ ಗುಂಡಿಯಿಂದಲೂ ಕ್ಲೋಸ್ ಕೊಡಿ, ಮೂರನ್ನೂ ನಿರಾಕರಿಸಬೇಕು, ರಿಕ್ಲೋಸ್ ಕೂಡ ಬಂದ್ ಆಗಿರಬೇಕು. ತಡೆ ಸಾಧನದೊಳಗೇ ಇರಬೇಕು. ಸ್ಕಾಡಾ ಪರದೆಯಲ್ಲಿ ಗುಂಡಿ ಮಸುಕಾದರೆ ಸಾಲದು. ಮತ್ತೆ, ಟ್ಯಾಗ್ ಇದೆ ಎಂದು ಯಾರೂ ಅರ್ತಿಂಗ್ ಹಾಕದೆ ಲೈನ್ ಮುಟ್ಟುವಂತಿಲ್ಲ.

ನೆರಳು, ಸಲಹೆ, ಸ್ವಂತ ಕೈ

ಮೊದಲ ಹಂತದಲ್ಲಿ ವ್ಯವಸ್ಥೆ ನೋಡುತ್ತದೆ, ಬರೆಯುತ್ತದೆ, ಆದೇಶ ಕೊಡುವುದಿಲ್ಲ. ಎರಡು ಮೂರು ತಿಂಗಳು ಪ್ರತಿ ನೈಜ ಘಟನೆಗೂ ಅದು ಏನು ಮಾಡುತ್ತಿತ್ತು, ಆಪರೇಟರ್ ಏನು ಮಾಡಿದರು, ಗ್ಯಾಂಗ್ ಹೋಗಿ ನೋಡಿದಾಗ ದೋಷ ಎಲ್ಲಿತ್ತು ಎಂಬ ಮೂರನ್ನೂ ಒಂದೇ ಸಾಲಿನಲ್ಲಿ ಬರೆಯಿರಿ. ಎರಡನೇ ಹಂತದಲ್ಲಿ ಅದು ಸಲಹೆ ಕೊಡುತ್ತದೆ, ಆಪರೇಟರ್ ಒಪ್ಪಿದರೆ ಮಾತ್ರ ನಡೆಯುತ್ತದೆ. ತಿರಸ್ಕರಿಸಿದ ಪ್ರತಿ ಸಲಹೆಗೂ ಕಾರಣ ಬರೆಸಿ. ನಕ್ಷೆಯ ತಪ್ಪುಗಳು ಬಹಳಷ್ಟು ಆ ಕಾರಣಗಳಲ್ಲೇ ಹೊರಬರುತ್ತವೆ. ಯಾರೂ ಏನನ್ನೂ ತಿರಸ್ಕರಿಸುತ್ತಿಲ್ಲವೆಂದರೆ ಓದದೆ ಒತ್ತುತ್ತಿದ್ದಾರೆ ಎಂದೇ ತಿಳಿಯಿರಿ.

ಆಮೇಲೆ ಸ್ವಯಂಚಾಲನೆ. ಮೊದಲ ಸಲ ಲೋಡ್ ಕಡಿಮೆ ಇರುವ ಹೊತ್ತು ಆರಿಸಿ, ಗ್ರಾಹಕರಿಗೆ ಮುಂಚೆ ತಿಳಿಸಿ, ಪ್ರತಿ ಸ್ವಿಚ್ ಹತ್ತಿರ ಒಬ್ಬರನ್ನು ನಿಲ್ಲಿಸಿ. ದೋಷ ಸೂಚನೆಗಳನ್ನು ಇಂಜೆಕ್ಷನ್ ಕಿಟ್ಟಿನಿಂದ ಕೊಟ್ಟು ಫೀಡರ್ ಬ್ರೇಕರ್ ಟ್ರಿಪ್ ಮಾಡಿಸಿ ಸರದಿ ನೋಡಿ. ನಿಜವಾದ ದೋಷ ಮಾಡಿ ತೋರಿಸಬೇಕೆಂಬ ಹುಮ್ಮಸ್ಸು ಬೇಡ. ಟ್ರಾನ್ಸ್‌ಫಾರ್ಮರಿಗೆ ಬೀಳುವ ಪೆಟ್ಟಿಗೆ ಹೋಲಿಸಿದರೆ ಹೊಸದಾಗಿ ಸಿಗುವ ತಿಳಿವಳಿಕೆ ಅಲ್ಪ. ಸರದಿಯ ಮಧ್ಯದಲ್ಲಿ ಒಂದು ಮೋಡೆಮ್ ಬಂದ್ ಮಾಡಿ ಮತ್ತೊಮ್ಮೆ ಓಡಿಸಿ. ಅರ್ಧಕ್ಕೆ ನಿಂತಾಗ ವ್ಯವಸ್ಥೆ ಇದ್ದಲ್ಲೇ ನಿಂತು ಆಪರೇಟರಿಗೆ ಒಪ್ಪಿಸಬೇಕು.

ವೋಲ್ಟೇಜ್ ಮತ್ತು ಮೀಟರು

ವೋಲ್ಟೇಜ್ ತಗ್ಗಿಸಿ ವಿದ್ಯುತ್ ಉಳಿಸುವ ಪ್ರಯೋಗದಲ್ಲಿ ಒಂದು ದಿನ ಆನ್, ಮರುದಿನ ಆಫ್ ಎಂದು ಓಡಿಸಿ. ವಾರಕ್ಕೆ ಏಳು ದಿನವಾದ್ದರಿಂದ ಈ ವಾರ ಆನ್ ಇದ್ದ ಸೋಮವಾರ ಮುಂದಿನ ವಾರ ಆಫ್ ಆಗುತ್ತದೆ. ಹಾಗಾಗಿ ಅವಧಿ ಯಾವಾಗಲೂ ಸಮಸಂಖ್ಯೆಯ ವಾರಗಳಲ್ಲಿರಲಿ. ವೋಲ್ಟೇಜ್ ಶೇ 3 ತಗ್ಗಿಸಿ ಬಳಕೆ ಶೇ 2.1 ಇಳಿದರೆ ಗುಣಾಂಕ 0.7. ಮೊದಲ ಹತ್ತು ಹದಿನೈದು ನಿಮಿಷದ ಇಳಿಕೆ ನೋಡಿ ಹಿಗ್ಗಬೇಡಿ: ಥರ್ಮೋಸ್ಟ್ಯಾಟ್ ಇರುವ ಹೀಟರುಗಳು ಹೆಚ್ಚು ಹೊತ್ತು ಉರಿದು ಅದನ್ನು ವಾಪಸು ತೆಗೆದುಕೊಳ್ಳುತ್ತವೆ. ಟ್ಯಾಪ್ (ವೋಲ್ಟೇಜ್ ಏರಿಸಿ ಇಳಿಸುವ ಮೆಟ್ಟಿಲು) ಒಂದಕ್ಕೆ ಶೇ 1.25 ಬದಲಾಗುವ ಟ್ರಾನ್ಸ್‌ಫಾರ್ಮರಿನಲ್ಲಿ ಡೆಡ್ ಬ್ಯಾಂಡಿನ (ಟ್ಯಾಪ್ ಬದಲಿಸದೆ ಬಿಡುವ ವೋಲ್ಟೇಜ್ ವ್ಯಾಪ್ತಿ) ಒಟ್ಟು ಅಗಲ ಅದಕ್ಕಿಂತ ಕಡಿಮೆ ಇಟ್ಟರೆ ಟ್ಯಾಪ್ ಚೇಂಜರ್ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ದಿನದ ಟ್ಯಾಪ್ ಎಣಿಕೆಯನ್ನು ಪ್ರಯೋಗಕ್ಕೆ ಮುಂಚಿನದರ ಪಕ್ಕ ಬರೆಯಿರಿ. ಉಳಿಸಿದ ಯೂನಿಟ್ಟಿನ ಹಣ ಟ್ಯಾಪ್ ಚೇಂಜರಿನ ಓವರ್‌ಹಾಲ್‌ಗೆ ಹೋಗಬಾರದಲ್ಲ.

ಸ್ಮಾರ್ಟ್ ಮೀಟರಿನಲ್ಲಿ ಮೂರೇ ಮಾತು. ಸಿಟಿ ಹಾಕಿದ ಮೂರು ಫೇಸ್ ಮೀಟರಿನಲ್ಲಿ ಒಂದು ಸಿಟಿ ತಿರುಗುಮುರುಗಾದರೆ ಸಮತೋಲದ ಲೋಡಿಗೆ ಮೂರನೇ ಒಂದು ಭಾಗವಷ್ಟೇ ದಾಖಲಾಗುತ್ತದೆ, ಹೀಗಾಗಿ ಪ್ರತಿ ಫೇಸಿನ ಪವರನ್ನು ಬೇರೆ ಬೇರೆಯಾಗಿ ಓದಿ. ಕರೆಂಟು ಹೋದಾಗ ಮೀಟರ್ ಕಳಿಸುವ ಕೊನೆಯ ಸಂದೇಶವನ್ನು ಒಂದೇ ಮೀಟರಿನಲ್ಲಿ ಪರೀಕ್ಷಿಸಿ ಪಾಸು ಎನ್ನಬೇಡಿ. ನೂರಾರು ಮೀಟರ್ ಇರುವ ಕಡೆ ಒಟ್ಟಿಗೆ ಆಫ್ ಮಾಡಿ. ಎಲ್ಲವೂ ಒಂದೇ ಕ್ಷಣ ಕೂಗಿದಾಗ ರೇಡಿಯೊ ಚಾನೆಲ್ ಕಟ್ಟಿಕೊಂಡು ಎಷ್ಟು ಸಂದೇಶ ತಲುಪುತ್ತವೆ ಎಂಬುದೇ ಪರೀಕ್ಷೆ. ಫರ್ಮ್‌ವೇರ್ ಅಪ್‌ಡೇಟ್ ಅರ್ಧಕ್ಕೆ ಬಂದಾಗ ಕರೆಂಟು ತೆಗೆಯಿರಿ. ಮೀಟರ್ ಹಳೆಯ ಆವೃತ್ತಿಯಲ್ಲಿ ಎದ್ದು ನಿಲ್ಲಬೇಕು.

ಬೀಗ, ಕೈಕೆಲಸ, ವಾಪಸಾತಿ

ಪ್ರಯೋಗದ ಜಾಲಕ್ಕೆ ಬೇರೆ ವಿಲ್ಯಾನ್ (ಪ್ರತ್ಯೇಕಿಸಿದ ನೆಟ್‌ವರ್ಕ್ ವಿಭಾಗ), ಬೇರೆ ಕೀಲಿಗಳು, ಬದಲಿಸಿದ ಪಾಸ್‌ವರ್ಡ್. 104 ರ ಪೋರ್ಟ್ 2404, ಡಿಎನ್‌ಪಿ3 (ಅಂಥದ್ದೇ ಇನ್ನೊಂದು ಪ್ರೋಟೋಕಾಲ್) ಪೋರ್ಟ್ 20000. ಇವು ಹೊರಗಿನಿಂದ ಕಾಣಲೇಬಾರದು. ಸ್ಕ್ಯಾನ್ ಮಾಡುವುದಿದ್ದರೆ ಬೆಂಚಿನಲ್ಲಿ ಮಾಡಿ, ಚಾಲ್ತಿ ರಿಲೇಗಳ ಮೇಲೆ ಬೇಡ. ಹಳೆಯವು ಅಷ್ಟಕ್ಕೇ ಸ್ತಬ್ಧವಾಗಬಹುದು.

2015ರ ಡಿಸೆಂಬರ್ 23ರಂದು ಉಕ್ರೇನಿನ ಮೂರು ವಿತರಣಾ ಕಂಪನಿಗಳ ಬ್ರೇಕರುಗಳನ್ನು ದಾಳಿಕೋರರು ದೂರದಿಂದ ಓಪನ್ ಮಾಡಿದರು. ಸುಮಾರು 2,25,000 ಗ್ರಾಹಕರಿಗೆ ಕರೆಂಟು ಹೋಯಿತು. ಸೀರಿಯಲ್-ಈಥರ್ನೆಟ್ ಕನ್ವರ್ಟರುಗಳ ಫರ್ಮ್‌ವೇರನ್ನೂ ಅಳಿಸಿದ್ದರಿಂದ ದೂರನಿಯಂತ್ರಣ ಸತ್ತಿತ್ತು. ಸಿಬ್ಬಂದಿ ಸಬ್‌ಸ್ಟೇಷನ್‌ಗಳಿಗೆ ಹೋಗಿ ಕೈಯಿಂದ ಕ್ಲೋಸ್ ಮಾಡಿ ಕೆಲವೇ ಗಂಟೆಗಳಲ್ಲಿ ಸರಬರಾಜು ಮರಳಿಸಿದರು. ಪ್ರಯೋಗದ ಅವಧಿಯಲ್ಲಿ ಒಮ್ಮೆ ಆಟೊಮೇಷನ್, ಸ್ಕಾಡಾ ಎರಡನ್ನೂ ಬಂದ್ ಮಾಡಿ, ಕಾಗದದ ನಕ್ಷೆ ಮತ್ತು ವೈರ್‌ಲೆಸ್ ಸೆಟ್ ಇಟ್ಟುಕೊಂಡು ಅದೇ ಲೋಡ್ ವರ್ಗಾವಣೆಯನ್ನು ಕೈಯಿಂದ ಮಾಡಿಸಿ, ಸಮಯ ಬರೆದಿಡಿ.

ಪ್ರತಿ ಪರೀಕ್ಷೆ ಮುಗಿದ ದಿನ ವಾಪಸಾತಿ ಪಟ್ಟಿ ತುಂಬಿಸಿ: ಬಿಚ್ಚಿದ ಟ್ರಿಪ್ ಲಿಂಕ್ ಹಾಕಿಯಾಯಿತೇ, ಸಿಟಿ ಶಾರ್ಟಿಂಗ್ ಲಿಂಕ್ ತೆಗೆದಾಯಿತೇ, ಟೆಸ್ಟ್ ಸ್ಥಿತಿಯಿಂದ ಆನ್‌ಗೆ ಬಂತೇ, ಸ್ಕಾಡಾದಲ್ಲಿ ಕೈಯಾರೆ ತುಂಬಿದ ಮೌಲ್ಯಗಳು ಅಳಿದವೇ, ತಾತ್ಕಾಲಿಕ ಪಾಸ್‌ವರ್ಡ್ ರದ್ದಾಯಿತೇ, ರಿಕ್ಲೋಸ್ ಮೊದಲಿನಂತೆ ಇದೆಯೇ. ರಿಲೇಯಿಂದ ಸೆಟ್ಟಿಂಗ್ ಫೈಲನ್ನು ಮತ್ತೆ ಹೊರತೆಗೆದು ಬೆಳಗಿನ ಫೈಲಿನೊಂದಿಗೆ ಕಂಪ್ಯೂಟರಿನಲ್ಲಿ ಸಾಲುಸಾಲಾಗಿ ಹೋಲಿಸಿ. ಪರೀಕ್ಷೆ ಮಾಡಿದವರು ಮತ್ತು ಪಾಳಿಯ ಆಪರೇಟರ್ ಇಬ್ಬರೂ ಸಹಿ ಹಾಕಿದ ಮೇಲೆ ಗಾಡಿ ಹೊರಡಲಿ.